ಪಿಎಫ್ ದುಡ್ಡಿಗೋಸ್ಕರ ಕೆಲಸ ಬಿಡೋದಾ, ಬೇಡ್ವಾ? ಗಾರ್ಮೆಂಟ್ಸ್‌ನಲ್ಲಿ ಇರೋರು, ಇದ್ದೋರು ದಯವಿಟ್ಟು ಹೇಳಿ

ಹೆಗ್ಗನಹಳ್ಳಿ ಟೈಲರ್

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸೋ ಕೆಲಸ. ವಯಸ್ಸು 38. ಈ ಕೆಲಸಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು, ಈಗಿರೋದು ಮೂರನೇ ಕಂಪನಿ. ಹಿಂದಿನ ಎರಡನ್ನೂ ಬಿಟ್ಟಿದ್ದು ಪಿಎಫ್ (ಭವಿಷ್ಯ ನಿಧಿ) ತೆಗೆಯೋದಕ್ಕೇ. ಒಂದು ಸಲ ಅತ್ತೆಯ ಆಪರೇಷನ್ನಿಗೆ, ಇನ್ನೊಂದು ಸಲ ಮನೆ ಅಡ್ವಾನ್ಸಿಗೆ ಮತ್ತೆ ಕೈಸಾಲ ತೀರಿಸೋಕೆ.

ಈಗ ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ನರ್ಸಿಂಗ್ ಓದ್ತೀನಿ ಅಂತಾಳೆ. ವಿಚಾರಿಸಿದ ಕಡೆಯೆಲ್ಲ ಸೇರುವಾಗಲೇ 70–80 ಸಾವಿರ ಅಂತಿದ್ದಾರೆ. ನನ್ನ ಸಂಬಳ 13 ಸಾವಿರ, ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಹಿಡಿದು ಕೈಗೆ ಬರೋದು 11 ಸಾವಿರ ಚಿಲ್ಲರೆ. ಯಜಮಾನ್ರು ಪೇಂಟಿಂಗ್ ಕೆಲಸ, ಮಳೆಗಾಲದಲ್ಲಿ ಸೊನ್ನೆ. ಬಾಡಿಗೆ 5,500. ಒಂದು ರೂಮು, ಒಂದು ಅಡುಗೆ ಕಟ್ಟೆ, ವಠಾರಕ್ಕೆಲ್ಲ ಸೇರಿ ಎರಡು ಟಾಯ್ಲೆಟ್. ಉಳಿಸು ಅಂದ್ರೆ ಯಾವುದರಲ್ಲಿ ಉಳಿಸಲಿ?

ಪಿಎಫ್ ಪಾಸ್‌ಬುಕ್‌ನಲ್ಲಿ 1 ಲಕ್ಷದ ಹತ್ತಿರ ಇದೆ. ಈ ಕಂಪನೀಲಿ ಐದು ವರ್ಷ ತುಂಬೋಕೆ ಇನ್ನೂ ಎಂಟು ತಿಂಗಳು ಬೇಕು. ಲೈನಿನಲ್ಲಿ ಎಲ್ಲರೂ "ಈಗಲೇ ರಿಸೈನ್ ಮಾಡು, ಎರಡು ತಿಂಗಳು ಮನೇಲಿರು, ಪಿಎಫ್ ತಗೋ, ಪಕ್ಕದ ಕಂಪನಿಗೆ ಸೇರ್ಕೋ" ಅಂತಾರೆ. ಹಿಂದೆ ಹಾಗೇ ಮಾಡಿದ್ದೆ. ಈ ಸಲ ಯಾಕೋ ಧೈರ್ಯ ಬರ್ತಿಲ್ಲ.

ಗಾರ್ಮೆಂಟ್ಸ್ ಅಮ್ಮನ ಮಗ

ಅಕ್ಕಾ, ದಯವಿಟ್ಟು ಬಿಡಬೇಡಿ. ನಮ್ಮಮ್ಮ ಇಪ್ಪತ್ತೆರಡು ವರ್ಷ ಹೊಲಿದರು. ನಾಲ್ಕು ಸಲ ಬಿಟ್ಟು ಸೇರಿದರು. ನನ್ನ ಎಸ್ಸೆಸ್ಸೆಲ್ಸಿ ಆದಾಗ ಒಂದು ಸಲ, ಡಿಪ್ಲೊಮಾ ಸೇರುವಾಗ ಒಂದು ಸಲ, ಅಕ್ಕನ ಮದುವೆಗೆ ಒಂದು ಸಲ, ಅಪ್ಪ ಹಾಸಿಗೆ ಹಿಡಿದಾಗ ಒಂದು ಸಲ. ನಾನು ಇವತ್ತು ಕೆಲಸದಲ್ಲಿ ಇದ್ದೀನಿ ಅಂದರೆ ಆ ದುಡ್ಡಿನಿಂದ. ಆದರೆ ಅಮ್ಮನಿಗೆ ಇವತ್ತು ಗ್ರಾಚ್ಯುಟಿ (ಐದು ವರ್ಷ ದುಡಿದು ಬಿಡುವಾಗ ಕಂಪನಿ ಕೊಡೋ ಇಡಿಗಂಟು) ಇಲ್ಲ, ಪಿಂಚಣಿ ಇಲ್ಲ, ಬೆನ್ನು ನೆಟ್ಟಗೆ ನಿಲ್ಲಲ್ಲ. ಇಪ್ಪತ್ತೆರಡು ವರ್ಷ ದುಡಿದಿದ್ದಕ್ಕೆ ಒಂದು ಕಾಗದ ಕೂಡ ಮನೆಯಲ್ಲಿ ಇಲ್ಲ.

ಮದ್ದೂರಿನವಳು

ಬಿಡಬೇಡಿ ಅನ್ನೋದು ಸುಲಭ ಕಣಪ್ಪ. ಫೀಸು ಯಾರು ಕಟ್ತಾರೆ? ಸಂಘದಲ್ಲಿ ಸಾಲ ತಗೊಂಡ್ರೆ ವಾರಾ ವಾರಾ ಕಂತು. ಒಂದು ವಾರ ತಪ್ಪಿದ್ರೆ ಬಾಗಿಲ ಮುಂದೆ ಬಂದು ಕೂರ್ತಾರೆ. 2025ರ ಶುರುವಿನಲ್ಲಿ ಸಾಲ ವಸೂಲಿಯ ಕಿರುಕುಳದ ವಿರುದ್ಧ ಸರ್ಕಾರ ಸುಗ್ರೀವಾಜ್ಞೆ ತಂದ ಮೇಲೆ ಬಾಯಿ ಸ್ವಲ್ಪ ಕಮ್ಮಿ ಆಗದೆ ಅಷ್ಟೆ, ಕಂತು ಕಮ್ಮಿ ಆಗಿಲ್ಲ. ಅದಕ್ಕಿಂತ ನಮ್ಮ ದುಡ್ಡು ನಾವು ತಗೊಳ್ಳೋದು ಏನು ತಪ್ಪು? ಅಕ್ಕ ಹೆದರಬೇಡಿ.

ಲೆಕ್ಕದ ಮೇಷ್ಟ್ರು

ತಾಯಿ, ಪಿಎಫ್, ಇಎಸ್‌ಐ ಕಾಗದಪತ್ರಗಳಲ್ಲೇ ಕೂದಲು ನರೆತವನು ನಾನು. ನಿಮ್ಮದೇ ಅಂಕಿ ಇಟ್ಟುಕೊಂಡು ಲೆಕ್ಕ ಹೇಳ್ತೀನಿ, ತೀರ್ಮಾನ ನಿಮ್ಮದು.

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000. ನಿಮ್ಮಿಂದ ತಿಂಗಳಿಗೆ ಹಿಡಿಯೋದು ಶೇ. 12, ಅಂದರೆ 1,560. ಮಾಲೀಕರೂ ಅಷ್ಟೇ ಕಟ್ಟಬೇಕು. ಆದರೆ ಅವರು ಕಟ್ಟೋದು ಪೂರ್ತಿ ನಿಮ್ಮ ಪಿಎಫ್‌ಗೆ ಬರಲ್ಲ. ಅದರಲ್ಲಿ ಶೇ. 8.33, ಅಂದರೆ ಸುಮಾರು 1,083 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತೆ. ಉಳಿದ 477 ಮಾತ್ರ ಪಿಎಫ್‌ಗೆ. ಪಾಸ್‌ಬುಕ್‌ನಲ್ಲಿ ಮೂರು ಕಾಲಂ ಇರೋದು ಅದಕ್ಕೇ. ಪಿಂಚಣಿಯ ಮೂರನೇ ಕಾಲಮ್ಮನ್ನು ನಮ್ಮ ಹೆಣ್ಣುಮಕ್ಕಳು ನೋಡೋದೇ ಇಲ್ಲ, ಯಾರೂ ತೋರಿಸಿಕೊಡಲ್ಲ ಕೂಡ.

ಈಗ ಬಿಟ್ಟರೆ ಕಳೆದುಕೊಳ್ಳೋದು ಏನು ಅಂದರೆ, ಒಂದು, ಗ್ರಾಚ್ಯುಟಿ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಬೇಕು. ಐದು ವರ್ಷಕ್ಕೆ ನಿಮಗೆ 37,500 ರೂಪಾಯಿ. ಎಂಟು ತಿಂಗಳು ಮುಂಚೆ ಬಿಟ್ಟರೆ ಅದು ಕೈತಪ್ಪುತ್ತೆ.

ಎರಡು, ಪಿಂಚಣಿ. ಹಿಂದೆ ಎರಡು ಸಲ ಬಿಟ್ಟಾಗ ಪಿಎಫ್ ಜೊತೆ ಪಿಂಚಣಿ ಹಣವನ್ನೂ ತೆಗೆದಿರ್ತೀರಿ, ಸೈಬರ್ ಸೆಂಟರಿನವರು ಎರಡೂ ಅರ್ಜಿ ಒಟ್ಟಿಗೇ ಹಾಕ್ತಾರೆ. ಹಾಗಾಗಿ ದುಡಿದದ್ದು ಹದಿನಾಲ್ಕು ವರ್ಷ ಆದರೂ ಪಿಂಚಣಿಯ ಲೆಕ್ಕದಲ್ಲಿ ನಿಮ್ಮದು ನಾಲ್ಕು ವರ್ಷ ಚಿಲ್ಲರೆ ಮಾತ್ರ. ಹತ್ತು ವರ್ಷ ತುಂಬಿದರೆ ತಿಂಗಳ ಪಿಂಚಣಿಗೆ ಅರ್ಹತೆ. 58ರವರೆಗೆ ದುಡಿದರೆ, ಇವತ್ತಿನ ಸಂಬಳದಲ್ಲೇ ಲೆಕ್ಕ ಹಾಕಿದರೂ, ತಿಂಗಳಿಗೆ 4,800ರ ಆಸುಪಾಸು ಬರುತ್ತೆ. ಇನ್ನೊಮ್ಮೆ ಬಿಟ್ಟು ಎಲ್ಲ ತೆಗೆದರೆ ಮತ್ತೆ ಒಂದರಿಂದ ಶುರು.

ಮೂರನೆಯದು ತೆರಿಗೆ. ಐದು ವರ್ಷ ತುಂಬದೆ 50,000ಕ್ಕಿಂತ ಹೆಚ್ಚು ತೆಗೆದರೆ ಶೇ. 10 ಮುರಿದುಕೊಳ್ತಾರೆ, ಪ್ಯಾನ್ ಜೋಡಿಸಿಲ್ಲದಿದ್ದರೆ ಇನ್ನೂ ಹೆಚ್ಚು. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲ ಅಂತ ಘೋಷಣೆ ಕೊಟ್ಟರೆ ಹಿಡಿಯಲ್ಲ. ಇದನ್ನು ಹೇಳದೆ ಕಮಿಷನ್ ತಗೊಳ್ಳೋರು ಬೇಕಾದಷ್ಟು ಜನ ಇದ್ದಾರೆ.

ಹೆಗ್ಗನಹಳ್ಳಿ ಟೈಲರ್

ಮೇಷ್ಟ್ರೇ, ಇಷ್ಟು ವರ್ಷದಲ್ಲಿ ಯಾರೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ. ಪಿಂಚಣಿ ಅಂತ ಬೇರೆ ಹೋಗ್ತಿತ್ತು ಅನ್ನೋದೇ ಗೊತ್ತಿರ್ಲಿಲ್ಲ. ಹತ್ತು ವರ್ಷದ ಪಿಂಚಣಿ ದುಡ್ಡು ಹೋಯ್ತು ಅಂತೀರಾ?

ಲೆಕ್ಕದ ಮೇಷ್ಟ್ರು

ದುಡ್ಡು ಹೋಗಿಲ್ಲ ತಾಯಿ, ಆಗಲೇ ನಿಮ್ಮ ಕೈಗೆ ಬಂದು ಖರ್ಚಾಗಿದೆ. ಹೋಗಿದ್ದು ಸೇವೆಯ ಲೆಕ್ಕ. ಬಿಡಲೇಬೇಕಾದಾಗಲೂ ಪಿಂಚಣಿ ಹಣ ತೆಗೆಯೋ 10ಸಿ ನಮೂನೆಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರ ಕೇಳಬಹುದಿತ್ತು. ಅದಿದ್ದರೆ ಮುಂದಿನ ಕಂಪನಿಯ ವರ್ಷಗಳಿಗೆ ಹಳೆಯದು ಸೇರಿಕೊಳ್ತಿತ್ತು. ಅದು ಇದೆ ಅಂತ ನಿಮಗೆ ಯಾರೂ ಹೇಳಲಿಲ್ಲ. ಎಚ್‌ಆರ್ ಹೇಳಬೇಕಿತ್ತು.

ಬೊಮ್ಮನಹಳ್ಳಿ 2016

ಎಲ್ಲರೂ ಪಿಂಚಣಿ ಪಿಂಚಣಿ ಅಂತೀರಲ್ಲ, 58ರ ತನಕ ನಮ್ಮನ್ನು ಮೆಷಿನ್ ಮುಂದೆ ಕೂರಿಸ್ತಾರಾ? ನಿಮ್ಮ ನಿಮ್ಮ ಫ್ಲೋರಿನಲ್ಲಿ 45 ದಾಟಿದ ಟೈಲರ್ ಎಷ್ಟು ಜನ ಇದ್ದಾರೆ ಎಣಿಸಿ ನೋಡಿ. ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣ್ಸಲ್ಲ, ಗಂಟೆಗೆ ಹೇಳಿದಷ್ಟು ಪೀಸು ಬರಲ್ಲ. ಹೊರಗೆ ಹೋಗು ಅಂತ ಬಾಯಿಬಿಟ್ಟು ಹೇಳಲ್ಲ. ದಿನಾ ಆಪರೇಷನ್ (ಹೊಲಿಯೋ ಭಾಗ) ಬದಲಾಯಿಸ್ತಾರೆ, ಎಲ್ಲರ ಮುಂದೆ ಪೀಸು ಎಸೀತಾರೆ. ಕೊನೆಗೆ ನಾವೇ ಬಿಡ್ತೀವಿ.

2016ರ ಏಪ್ರಿಲ್ ನೆನಪು ಮಾಡ್ಕೊಳ್ಳಿ. ಆ ವರ್ಷ ಫೆಬ್ರವರಿ 10ಕ್ಕೆ ಕೇಂದ್ರದವರು ಒಂದು ಆದೇಶ ಹೊರಡಿಸಿದರು: ಕೆಲಸ ಬಿಟ್ಟರೂ ಮಾಲೀಕರ ಪಾಲು 58 ವರ್ಷದ ತನಕ ಸಿಗಲ್ಲ. ಸುದ್ದಿ ಲೈನಿಂದ ಲೈನಿಗೆ ಹರಡ್ತು. ಏಪ್ರಿಲ್ 18ರ ಬೆಳಿಗ್ಗೆ ನಮ್ಮ ಬೊಮ್ಮನಹಳ್ಳಿಯಲ್ಲಿ ಹೆಂಗಸರು ಗೇಟಿನಿಂದ ಹೊರಗೆ ಬಂದು ಹೊಸೂರು ರಸ್ತೆಯಲ್ಲಿ ಕೂತರು. ಯಾವ ಪಾರ್ಟಿಯೂ ಕರೆದಿರಲಿಲ್ಲ, ಮೈಕು ಇರಲಿಲ್ಲ. ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಮೈಸೂರು ರಸ್ತೆ ಎಲ್ಲ ಕಡೆ ಜನ. ಲಾಠಿ ಬಿತ್ತು, ಅಶ್ರುವಾಯು ಹಾರಿಸಿದರು, ಹೆಬ್ಬಗೋಡಿಯಲ್ಲಿ ಬೆಂಕಿಯೂ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾನು ಸರಿ ಅನ್ನಲ್ಲ. ಆದರೆ 19ರ ಸಂಜೆಯೊಳಗೆ ಕೇಂದ್ರದ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯ ಅವರು ಆದೇಶ ವಾಪಸ್ ತಗೊಂಡರು. ಎರಡೇ ದಿನ. ಇಡೀ ದೇಶದ ನೌಕರರಿಗೆ ಅದರ ಲಾಭ ಸಿಕ್ತು, ಆಫೀಸಿನಲ್ಲಿ ಕೂತು ಕೆಲಸ ಮಾಡೋರಿಗೂ.

ಅವತ್ತು ಟಿವಿಯವರು ಕೇಳ್ತಿದ್ದರು, "ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಕೋಪ" ಅಂತ. ನಮಗೆ ಅದು ಸಣ್ಣದಲ್ಲ. ಬ್ಯಾಂಕಿನಲ್ಲಿ ಎಫ್‌ಡಿ ಇಲ್ಲ, ಊರಲ್ಲಿ ಹೊಲ ಇಲ್ಲ. ಕಿವಿಯಲ್ಲಿದ್ದದ್ದು ಅಡವು ಅಂಗಡಿಯಲ್ಲಿದೆ. ನಮ್ಮ ಕೈಗೆ ಸಿಗದೆ ಉಳಿಯೋ ದುಡ್ಡು ಅದೊಂದೇ.

ಹಿತೈಷಿ

ಯಾರನ್ನೂ ನೋಯಿಸೋಕೆ ಹೇಳ್ತಿಲ್ಲ. ಪಿಎಫ್ ಇರೋದು ಮುಪ್ಪಿಗೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಖಾಲಿ ಮಾಡಿದರೆ ವಯಸ್ಸಾದ ಮೇಲೆ ಯಾರು ನೋಡ್ತಾರೆ? ಖರ್ಚು ಸ್ವಲ್ಪ ಹಿಡಿತದಲ್ಲಿ ಇಟ್ಟುಕೊಂಡು, ತಿಂಗಳಿಗೆ ಸಾವಿರ ರೂಪಾಯಿ ಪೋಸ್ಟ್ ಆಫೀಸಿನ ಆರ್‌ಡಿ ಕಟ್ಟಿದರೂ ಇಂಥ ಪರಿಸ್ಥಿತಿ ಬರಲ್ಲ.

ಹೆಗ್ಗನಹಳ್ಳಿ ಟೈಲರ್

ಅಣ್ಣಾ, ಬೇಜಾರಿಲ್ಲ, ಲೆಕ್ಕ ಹೇಳ್ತೀನಿ. ಕೈಗೆ 11,300. ಬಾಡಿಗೆ, ಕರೆಂಟು, ನೀರು ಸೇರಿ 6,300. ರೇಷನ್ ಅಕ್ಕಿ ಬರುತ್ತೆ, ಆದರೂ ಬೇಳೆ, ಎಣ್ಣೆ, ಗ್ಯಾಸು, ಹಾಲು, ತರಕಾರಿಗೆ 4,000 ಮೇಲೆ. ಮಗಳ ಬಸ್ಸು, ಪುಸ್ತಕ, ಮಗನ ಸ್ಕೂಲು. ಅತ್ತೆ ಮಾತ್ರೆ. 2023ರಲ್ಲಿ ಬಸ್ಸು ಫ್ರೀ ಆದ ಮೇಲೆ ಪಾಸಿನ ಖರ್ಚು ಉಳೀತು, ಗೃಹಲಕ್ಷ್ಮಿ 2,000 ಬಂದ ತಿಂಗಳು ಅದು ಚೀಟಿಗೆ ಹೋಗುತ್ತೆ. ಇವರ ದುಡ್ಡು ಬಂದ ತಿಂಗಳು ಉಸಿರಾಡ್ತೀವಿ, ಬರದ ತಿಂಗಳು ಅಂಗಡಿಯಲ್ಲಿ ಬರೆಸ್ತೀವಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೀರು ಹಿಡಿದು, ಎರಡು ಹೊತ್ತಿನ ಅಡುಗೆ ಮಾಡಿ, ಎಂಟು ಗಂಟೆಗೆ ಬಸ್ ಹತ್ತಿ, ರಾತ್ರಿ ಏಳೂವರೆಗೆ ಬಂದು ಮತ್ತೆ ಒಲೆ ಮುಂದೆ. ಇದರಲ್ಲಿ ಯಾವುದನ್ನ ಹಿಡಿತ ಮಾಡಲಿ?

ಕಾರ್ಮಿಕ ಕಾನೂನು ವಿದ್ಯಾರ್ಥಿನಿ

ಹಿತೈಷಿಯವರೇ, ಕನಿಷ್ಠ ವೇತನದ ಮೂಲ ಲೆಕ್ಕ ಹೇಗೆ ಹಾಕಿದ್ದಾರೆ ನೋಡಿದರೆ ಅಕ್ಕನ ಪ್ರಶ್ನೆಗೆ ಉತ್ತರ ಸಿಗುತ್ತೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿದ ಸೂತ್ರ ಅದು. ಒಂದು ಕುಟುಂಬಕ್ಕೆ ಮೂರು ಘಟಕ: ದುಡಿಯುವ ಗಂಡಸು 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ವರ್ಷಕ್ಕೆ ಮನೆಗೆಲ್ಲ 72 ಗಜ ಬಟ್ಟೆ, ಬಾಡಿಗೆ, ಸೌದೆ-ದೀಪಕ್ಕೆ ಶೇ. 20. ಆಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಇನ್ನೂ ಶೇ. 25 ಸೇರಿಸಬೇಕು ಅಂತ ಹೇಳಿತು: ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆ, ಇವಕ್ಕೆ.

ಅಂದರೆ ಮಗಳ ಕಾಲೇಜು ಫೀಸು ತಿಂಗಳ ಸಂಬಳದ ಒಳಗೇ ಇರಬೇಕಾದ ಖರ್ಚು. ಸಂಬಳದಲ್ಲಿ ಆ ನಾಲ್ಕನೇ ಒಂದು ಭಾಗ ಇಲ್ಲದ್ದಕ್ಕೆ ಅಕ್ಕ ಅದನ್ನು ಮುಪ್ಪಿನ ದುಡ್ಡಿನಿಂದ ಕಿತ್ತುಕೊಳ್ಳಬೇಕಾಗಿದೆ. ಇದನ್ನು ಖರ್ಚಿನ ಹಿಡಿತ ಅಂತ ನೋಡೋದು ಅನ್ಯಾಯ. ಇನ್ನೂ ಒಂದು ವಿಷಯ ನನಗೆ ತುಂಬಾ ನೋವು ಕೊಡುತ್ತೆ: ಹೆಂಗಸರೇ ತುಂಬಿರೋ ಉದ್ಯಮದಲ್ಲಿ, ದಿನವಿಡೀ ಪೆಡಲ್ ತುಳಿಯೋ ಹೆಂಗಸಿನ ಹೊಟ್ಟೆಯನ್ನು ಮನೆಯಲ್ಲಿ ಕೂತ 0.8 ಹೊಟ್ಟೆ ಅಂತ ಬರೆದ ಸೂತ್ರವೇ ಇವತ್ತಿಗೂ ಆಧಾರ.

ಯೂನಿಯನ್ ಕೆಲಸ

ಸರಿಯಾಗಿ ಹೇಳಿದೆ ತಂಗಿ. ಅದರ ಜೊತೆಗೆ ಇನ್ನೊಂದು. 2018ರಲ್ಲಿ ನಮ್ಮ ರಾಜ್ಯದಲ್ಲಿ ಗಾರ್ಮೆಂಟ್ಸ್ ವೇತನ ಏರಿಸೋ ಕರಡು ಅಧಿಸೂಚನೆ ಹೊರಟಿತು, ಮಾಲೀಕರ ಒತ್ತಡಕ್ಕೆ ಕೆಲವೇ ವಾರಗಳಲ್ಲಿ ಹಿಂದಕ್ಕೆ ಹೋಯ್ತು. 2020ರ ಏಪ್ರಿಲ್‌ನಲ್ಲಿ ಬರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಕೋವಿಡ್ ಅಂತ ಸರ್ಕಾರ ಮುಂದೂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕೊಡಲೇಬೇಕು ಅಂದಮೇಲೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಬರೋಕೆ ಶುರುವಾದದ್ದು 2022ರ ಹೊತ್ತಿಗೆ, ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ. ನಡುವೆ ಕೆಲಸ ಬಿಟ್ಟು ಹೋದವರಲ್ಲಿ ಎಷ್ಟೋ ಜನರಿಗೆ ಬಾಕಿ ಬರಬೇಕು ಅನ್ನೋದೇ ತಿಳಿದಿರಲಿಲ್ಲ. ಆ ಸಮಯದಲ್ಲಿ ಬಿಟ್ಟೋರು ಯಾರಾದರೂ ಇದ್ದರೆ ಹಳೇ ಕಂಪನಿಗೆ ಹೋಗಿ ಕೇಳಿ, ಅದಕ್ಕೆ ಪಿಎಫ್ ಕೂಡ ಸೇರಬೇಕು.

ನೋಡಿ, ಹದಿನಾಲ್ಕು ವರ್ಷದ ಟೈಲರಿಗೂ ನಿನ್ನೆ ಸೇರಿದ ಟೈಲರಿಗೂ ಸಂಬಳದಲ್ಲಿ ಇರೋ ವ್ಯತ್ಯಾಸ ಒಂದು ಲೀಟರ್ ಎಣ್ಣೆಯ ದುಡ್ಡು. ಎಲ್ಲರೂ ಕನಿಷ್ಠ ವೇತನದಲ್ಲೇ ನಿಂತಿದ್ದಾರೆ. ಹಾಗಿದ್ದ ಮೇಲೆ ಪಕ್ಕದ ಕಂಪನಿಗೆ ಹೋದರೆ ನಷ್ಟ ಏನು ಅಂತ ಅನ್ನಿಸೋದು ಸಹಜ. ಸಂಬಳದಲ್ಲಿ ನಷ್ಟ ಇಲ್ಲ. ಗ್ರಾಚ್ಯುಟಿ, ಪಿಂಚಣಿ, ರಜೆ, ಇಎಸ್‌ಐ, ಈ ಕಣ್ಣಿಗೆ ಕಾಣದ ಕಡೆಯಲ್ಲಿ ನಷ್ಟ.

ಹಳೇ ಎಚ್‌ಆರ್

ನಾನು ಒಂದಷ್ಟು ವರ್ಷ ಒಂದು ದೊಡ್ಡ ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೆ, ಈಗ ಬೇರೆ ಕೆಲಸ. ಒಳಗಿನ ಮಾತು ಹೇಳಲೇಬೇಕು. ನಾಲ್ಕು ವರ್ಷ ದಾಟಿದವರ ಪಟ್ಟಿ ಪ್ರತ್ಯೇಕ ಇರ್ತಿತ್ತು. ಅವರು ರಾಜೀನಾಮೆ ಕೊಡೋಕೆ ಬಂದರೆ "ಸ್ವಲ್ಪ ತಡಿಯಮ್ಮ, ಐದು ವರ್ಷ ತುಂಬಲಿ" ಅಂತ ನಾವು ಹೇಳುವ ಹಾಗಿರಲಿಲ್ಲ. ಅರ್ಜಿ ಮೊದಲೇ ಟೈಪ್ ಆಗಿರ್ತಿತ್ತು, "ಸ್ವಂತ ಕಾರಣಗಳಿಂದ" ಅಂತ. ಸಹಿ ಹಾಕೋದಷ್ಟೇ ಅವರ ಕೆಲಸ. ಮೂರು ತಿಂಗಳಾದ ಮೇಲೆ ಅದೇ ಹೆಂಗಸು ಅದೇ ಗೇಟಿಗೆ ಬಂದರೆ ಹೊಸ ನಂಬರ್ ಕೊಟ್ಟು ಹೊಸಬಳು ಅಂತ ಸೇರಿಸಿಕೊಳ್ತಿದ್ದೆವು. ಕೆಲಸ ಬಲ್ಲ ಟೈಲರ್ ಸಿಕ್ಕಿದಳು, ಹಳೆಯ ವರ್ಷಗಳು ಅಳಿಸಿಹೋದವು.

ಅಮ್ಮಾ, ನಿಮ್ಮ ಲೈನಿನಲ್ಲಿ "ಬಿಡು ಬಿಡು" ಅನ್ನೋರು ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದಾರೆ. ಆದರೆ ನೀವು ಈ ಎಂಟು ತಿಂಗಳ ಮುಂಚೆ ಬಿಟ್ಟರೆ ಆ 37,500 ಉಳಿಯೋದು ಕಂಪನಿಗೆ.

ಮದ್ದೂರಿನವಳು

ಹೊಸ ಕಾನೂನು ಬಂದದಲ್ಲ, ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅಂತ ವಾಟ್ಸಾಪಲ್ಲಿ ಎಲ್ರೂ ಕಳಿಸ್ತಾವ್ರೆ. ಮತ್ಯಾಕೆ ಐದು ವರ್ಷ ಕಾಯ್ಬೇಕು?

ಲೆಕ್ಕದ ಮೇಷ್ಟ್ರು

ಅರ್ಧ ಸತ್ಯ ತಾಯಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆ ಜಾರಿ ಅಂತ ಕೇಂದ್ರ ಹೇಳಿರೋದು ನಿಜ. ಒಂದು ವರ್ಷದ ಗ್ರಾಚ್ಯುಟಿ ನಿಗದಿತ ಅವಧಿಯ ಒಪ್ಪಂದದಲ್ಲಿ ಸೇರಿದವರಿಗೆ ಮಾತ್ರ. ನಿಮ್ಮ ಹಾಗೆ ಕಾಯಂ ಇರೋರಿಗೆ ಐದು ವರ್ಷದ ಷರತ್ತು ಹಾಗೇ ಇದೆ. ವಾಟ್ಸಾಪ್ ನಂಬಿ ಯಾರೂ ರಾಜೀನಾಮೆ ಕೊಡಬೇಡಿ.

ಸಿಂಧನೂರಿನಾಕಿ

ಅಕ್ಕಾರ, ನಂದೂ ಒಂದು ಮಾತು ಅದ. ನಾವು ಸಿಂಧನೂರು ಕಡೇದವರು. ಕಾಲುವೆ ನೀರು ಇದ್ದೋರಿಗೆ ಭತ್ತ ಅದ, ನಮಗ ಇಲ್ಲ. ಗಂಡ ಹೆಂಡ್ತಿ ಇಬ್ರೂ ಬೆಂಗಳೂರಿಗೆ ಬಂದೀವಿ. ಅವರು ಸೆಂಟ್ರಿಂಗ್ ಕೆಲಸಕ್ಕ ಹೋಗ್ತಾರ, ನಾನು ಹೆಲ್ಪರ್. ಮಗಳಿಗೆ ಮೂರು ವರ್ಷ, ಊರಾಗ ಅವ್ವನ ಹತ್ರ ಬಿಟ್ಟೀವಿ. ಕಂಪನಿಯೊಳಗ ಮಕ್ಕಳ ಮನಿ ಅದ, ಚಲೋನೂ ಅದ. ಆದ್ರ ಬೆಳಿಗ್ಗಿ ಎಂಟಕ್ಕ ಆ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಕೂಸಿನ ಎತ್ಕೊಂಡು ಹೆಂಗ ಹೋಗೂದು? ತಡ ಆದ್ರ ಗೇಟ್ ಹಾಕ್ತಾರ.

ನಾ ಈಗ ಎರಡನೇದಕ್ಕ ಬಸುರಿ. ಎರಡು ತಿಂಗಳು. ಊರಿಗೆ ಹೋಗಿ ಹೆರಿಗಿ ಮುಗಿಸಿ ಬರ್ತೀನಿ ಅಂತ ಕೆಲಸ ಬಿಡಬೇಕು ಅಂತ ಮಾಡೀನಿ. ಬಿಟ್ರ ಪಿಎಫ್ ಬರ್ತದ, ಹೆರಿಗಿಗೆ ಆಗ್ತದ. ಸರಿ ಏನ್ರಿ?

ಯೂನಿಯನ್ ಕೆಲಸ

ಬೇಡವ್ವ, ಬೇಡ! ದಯವಿಟ್ಟು ಈಗ ಬಿಡಬೇಡ. ನಿನಗೆ ಇಎಸ್‌ಐ ಹಿಡೀತಾರಲ್ಲ? ಹಾಗಾದರೆ ಹೆರಿಗೆಗೆ 26 ವಾರ ಪೂರ್ತಿ ಸಂಬಳದ ರಜೆ ನಿನ್ನ ಹಕ್ಕು, ಮೊದಲ ಎರಡು ಮಕ್ಕಳಿಗೆ ಇದೆ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಯಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು ಅಷ್ಟೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಆರು ತಿಂಗಳ ಸಂಬಳ ಎಷ್ಟು, ನಿನ್ನ ಪಿಎಫ್ ಎಷ್ಟು, ನೀನೇ ಲೆಕ್ಕ ಹಾಕು. ನಿನ್ನ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಗರ್ಭಿಣಿ ಅಂತ ಈಗಲೇ ಬರೆಸು, ಕಾರ್ಡು ಇಟ್ಟುಕೋ. ಊರಲ್ಲಿ ಹೆರಿಗೆ ಮಾಡಿಸಿಕೊಂಡರೂ ದಾಖಲೆ ತಂದು ಕೊಟ್ಟರೆ ಹಣ ಬ್ಯಾಂಕಿಗೆ ಬರುತ್ತೆ. ಬಸುರಿ ಅಂತ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ರಾಜೀನಾಮೆ ಬರೆದುಕೊಡು ಅಂದರೆ ಸಹಿ ಹಾಕಬೇಡ, ನನಗೆ ಇಲ್ಲೇ ಸಂದೇಶ ಹಾಕು.

ಸಿಂಧನೂರಿನಾಕಿ

ಆರು ತಿಂಗಳಾ? ನಮ್ಮ ಲೈನಿನ್ಯಾಗ ಇಬ್ರು ಹೋದ ವರ್ಷ ಬಸುರಾದಾಗ ಬಿಟ್ಟೇ ಹೋದ್ರು. ಅವ್ರಿಗೆ ಯಾರೂ ಹೇಳಲೇ ಇಲ್ಲ.

ಬೊಮ್ಮನಹಳ್ಳಿ 2016

ಹೇಳಲ್ಲ ಕಣಮ್ಮ. ಇಂಡಕ್ಷನ್ ದಿನ ಹತ್ತು ನಿಮಿಷ ಓದಿ ಮುಗಿಸ್ತಾರೆ, ಸಹಿ ಹಾಕಿಸ್ಕೋತಾರೆ. ಆಡಿಟ್ ಬಂದಾಗ ಮಾತ್ರ ಎಲ್ಲ ನೆನಪಾಗುತ್ತೆ. ಅವತ್ತು ಕುಡಿಯೋ ನೀರು ತಣ್ಣಗಿರುತ್ತೆ, ಟಾಯ್ಲೆಟ್‌ನಲ್ಲಿ ಸೋಪು ಇರುತ್ತೆ. ಉಳಿದ ದಿನ ನೀರೇ ಕುಡಿಯಲ್ಲ ನಾವು, ಎದ್ದು ಹೋದರೆ ಪೀಸು ಗುಡ್ಡೆ ಬೀಳುತ್ತೆ ಅಂತ. ಉರಿಮೂತ್ರ ಇಲ್ಲದ ಟೈಲರ್ ನಮ್ಮ ಫ್ಲೋರಿನಲ್ಲಿ ನನಗೆ ಗೊತ್ತಿಲ್ಲ. ನೀನು ಬಸುರಿ, ನೀರು ಕುಡಿ, ಯಾರು ಏನಂದರೂ ಎದ್ದು ಹೋಗು.

ಲೆಕ್ಕದ ಮೇಷ್ಟ್ರು

ಮೂಲ ಪ್ರಶ್ನೆಗೆ ಬರೋಣ. ಹೆಗ್ಗನಹಳ್ಳಿ ತಾಯಿ, ಕೆಲಸ ಬಿಡದೆಯೇ ಹಣ ತೆಗೆಯೋ ದಾರಿ ಇದೆ.

ಹಳೇ ನಿಯಮದಲ್ಲಿ ಮಕ್ಕಳ ಓದಿಗೆ ಮುಂಗಡ ಬೇಕಾದರೆ ಏಳು ವರ್ಷದ ಸದಸ್ಯತ್ವ ಬೇಕಿತ್ತು, ಅದೂ ನಿಮ್ಮ ಪಾಲಿನ ಅರ್ಧ ಮಾತ್ರ. ಎರಡು ಸಲ ಪೂರ್ತಿ ತೆಗೆದಿರೋದರಿಂದ ನಿಮ್ಮದು ನಾಲ್ಕೇ ವರ್ಷ, ಹಾಗಾಗಿ ಸಿಕ್ತಿರಲಿಲ್ಲ. 2025ರ ಅಕ್ಟೋಬರ್ 13ರಂದು ಪಿಎಫ್ ಮಂಡಳಿಯ ಸಭೆಯಲ್ಲಿ ಇದನ್ನೆಲ್ಲ ಬದಲಾಯಿಸೋ ತೀರ್ಮಾನ ಆಗಿದೆ. ಎಲ್ಲ ಬಗೆಯ ಮುಂಗಡಕ್ಕೂ ಹನ್ನೆರಡು ತಿಂಗಳ ಸೇವೆ ಸಾಕು, ಓದಿಗೆ ಹತ್ತು ಸಲದವರೆಗೆ ತೆಗೆಯಬಹುದು, ಮಾಲೀಕರ ಪಾಲೂ ಸೇರುತ್ತೆ. ಖಾತೆಯಲ್ಲಿ ಶೇ. 25 ಮಾತ್ರ ಉಳಿಸಬೇಕು. ನಿಮ್ಮ 1 ಲಕ್ಷದಲ್ಲಿ 75,000 ಅಂದರೆ ಹೆಚ್ಚೂ ಕಡಿಮೆ ನಿಮಗೆ ಬೇಕಾದಷ್ಟೇ.

ಅದೇ ಸಭೆಯ ಇನ್ನೊಂದು ತೀರ್ಮಾನವನ್ನೂ ಎಲ್ಲರೂ ಗಮನಿಸಿ. ಕೆಲಸ ಬಿಟ್ಟವರಿಗೆ ಪೂರ್ತಿ ಹಣ ಸಿಗೋ ಕಾಯುವಿಕೆ ಎರಡು ತಿಂಗಳಿಂದ ಹನ್ನೆರಡು ತಿಂಗಳಿಗೆ, ಪಿಂಚಣಿ ಹಣ ಹಿಂಪಡೆಯೋದು ಮೂವತ್ತಾರು ತಿಂಗಳಿಗೆ ಏರುತ್ತೆ. ಅಂದರೆ ಬಿಟ್ಟರೂ ಮೊದಲು ಕೈಗೆ ಬರೋದು ಅದೇ ಶೇ. 75. ರಾಜೀನಾಮೆ ಕೊಟ್ಟು ಹೆಚ್ಚಿಗೆ ಪಡೆಯೋದು ಏನೂ ಇಲ್ಲ. ಫೀಸು ಕಟ್ಟೋ ಹೊತ್ತಿಗೆ ನಿಮ್ಮ ಖಾತೆಯಲ್ಲಿ ಯಾವ ಆಯ್ಕೆ ತೋರಿಸ್ತಿದೆ ಅಂತ ಪೋರ್ಟಲ್‌ನಲ್ಲಿ ನೋಡಿ ಅರ್ಜಿ ಹಾಕಿ.

ಬೊಮ್ಮನಹಳ್ಳಿ 2016

ಹನ್ನೆರಡು ತಿಂಗಳಾ? ಆವತ್ತು ನಾವು ರಸ್ತೆಗೆ ಇಳಿದದ್ದು ಇದಕ್ಕೇ ಅಲ್ವಾ ಮೇಷ್ಟ್ರೇ? ಕೆಲಸ ಹೋದವಳಿಗೆ ತನ್ನದೇ ದುಡ್ಡಿನ ಕಾಲು ಭಾಗಕ್ಕೆ ಒಂದು ವರ್ಷ ಕಾಯಿ ಅನ್ನೋದು ನ್ಯಾಯ ಅಂತ ನನಗೆ ಅನ್ನಿಸಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಶೇ. 50 ಸುಂಕ ಹಾಕಿದ ಮೇಲೆ ಆರ್ಡರ್ ಕಮ್ಮಿ ಅಂತ ಎಷ್ಟೋ ಕಡೆ ಓವರ್‌ಟೈಮ್ ನಿಂತಿತು. ನಾಳೆ ಯೂನಿಟ್ ಮುಚ್ಚಿದರೆ ಆ 25 ಸಾವಿರ ಮೂರು ತಿಂಗಳ ಊಟ.

ಲೆಕ್ಕದ ಮೇಷ್ಟ್ರು

ಆ ಮಾತು ಒಪ್ತೀನಿ ತಾಯಿ. ಕೆಲಸದಲ್ಲಿ ಇರೋಳಿಗೆ ಈ ತೀರ್ಮಾನ ಅನುಕೂಲ, ಕೆಲಸ ಕಳೆದುಕೊಂಡೋಳಿಗೆ ಅಲ್ಲ.

ಮದ್ದೂರಿನವಳು

ನಮ್ ಕಡೆ ಎಲ್ರೂ ಕಾಯಿಲೆ ಅಂತ ಹಾಕಿ ಅಡ್ವಾನ್ಸ್ ತಗೋತಾರೆ. ಅದಕ್ಕೆ ವರ್ಷದ ಲೆಕ್ಕ ಇಲ್ವಂತೆ. ಅಕ್ಕನೂ ಹಂಗೇ ಹಾಕ್ಲಿ.

ಲೆಕ್ಕದ ಮೇಷ್ಟ್ರು

ಹಳೇ ನಿಯಮದಲ್ಲಿ ಕಾಯಿಲೆಗೆ ಸೇವಾವಧಿಯ ಷರತ್ತು ಇರಲಿಲ್ಲ ಅನ್ನೋದು ನಿಜ. ಆರು ತಿಂಗಳ ಸಂಬಳ ಅಥವಾ ನಿಮ್ಮ ಪಾಲು, ಯಾವುದು ಕಡಿಮೆಯೋ ಅಷ್ಟು ಕೊಡ್ತಿದ್ದರು. ಆದರೆ ಇಲ್ಲದ ಕಾಯಿಲೆ ಬರೆಯಿರಿ ಅಂತ ನಾನು ಹೇಳಲಾರೆ.

ಗಾರ್ಮೆಂಟ್ಸ್ ಅಮ್ಮನ ಮಗ

ಅಕ್ಕಾ, ಇನ್ನೊಂದು. ಮಗಳಿಗೆ ಸಿಇಟಿ ಬರೆಸಿ, ಮರೀಬೇಡಿ. ಬಿಎಸ್‌ಸಿ ನರ್ಸಿಂಗ್ ಸೀಟನ್ನೂ ಈಗ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಮೂಲಕವೇ ಹಂಚ್ತಾರೆ. ಸರ್ಕಾರಿ ಸೀಟು ಸಿಕ್ಕರೆ 80 ಸಾವಿರದ ಪ್ರಶ್ನೆಯೇ ಬರಲ್ಲ. ಎಜೆಂಟರು ಈಗಲೇ ಮುಂಗಡ ಕಟ್ಟಿ ಅಂದರೆ ಕಟ್ಟಬೇಡಿ. ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಇದೆ. ನಿಮ್ಮ ಸಂಬಳದಿಂದ ವರ್ಷಕ್ಕೊಮ್ಮೆ ಅದಕ್ಕೆ ವಂತಿಗೆ ಹಿಡೀತಾರೆ, ಪೇಸ್ಲಿಪ್ ನೋಡಿ. ನಮ್ಮಮ್ಮನಿಗೂ ಹಿಡೀತಿದ್ದರು, ನನಗೆ ಅದು ಸಿಗುತ್ತೆ ಅಂತ ಗೊತ್ತಾಗಿದ್ದು ಓದು ಮುಗಿದ ಮೇಲೆ.

ಹಿತೈಷಿ

ಅಕ್ಕ, ನಿಮ್ಮ ಲೆಕ್ಕ ಓದಿದ ಮೇಲೆ ಆರ್‌ಡಿ ಮಾತು ನಾನು ಎತ್ತಬಾರದಿತ್ತು ಅನ್ನಿಸ್ತು. ಸಿಇಟಿ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎರಡನ್ನೂ ಕಮಿಷನ್ ಇಲ್ಲದೆ ತುಂಬಿಕೊಡ್ತೀನಿ. ನಾನು ಸುಂಕದಕಟ್ಟೆಯಲ್ಲೇ ಇರೋದು. ಭಾನುವಾರ ಮಗಳನ್ನೂ ಕರ್ಕೊಂಡು ಬನ್ನಿ.

ಹೆಗ್ಗನಹಳ್ಳಿ ಟೈಲರ್

ಎಲ್ಲರಿಗೂ ಕೈ ಮುಗೀತೀನಿ. ಮಗಳು ಕೂತು ಎಲ್ಲಾನೂ ಓದಿದಳು. "ಅಮ್ಮಾ, ನನಗೋಸ್ಕರ ಬಿಡಬೇಡ" ಅಂದಳು. ಐದು ವರ್ಷ ತುಂಬೋ ಆಗಸ್ಟ್ ಮುಗಿಯೋ ತನಕ ರಿಸೈನ್ ಮಾಡಲ್ಲ, ಅದು ಗಟ್ಟಿ. ಸಿಇಟಿ ಬರೆಸ್ತೀನಿ. ಬೇಕೇ ಬೇಕಾದರೆ ಮುಂಗಡಕ್ಕೆ ಹಾಕ್ತೀನಿ. ನಾಳೆ ಲೈನಿನಲ್ಲಿ ಊಟದ ಹೊತ್ತಿಗೆ ಮೂರನೇ ಕಾಲಂ ಎಲ್ಲರಿಗೂ ತೋರಿಸ್ತೀನಿ. ನಮ್ಮ ಬ್ಯಾಚಿನಲ್ಲೇ ನಾಲ್ಕು ವರ್ಷ ದಾಟಿದೋರು ತುಂಬಾ ಜನ ಇದ್ದಾರೆ.

ಒಂದೇ ಒಂದು ತೊಂದರೆ. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಊರಿನ ಅಕ್ಷರ ಇದೆ, ಪಿಎಫ್‌ನಲ್ಲಿ ಇಲ್ಲ. ಹಿಂದಿನ ಸಲ ಇದಕ್ಕೇ ಅರ್ಜಿ ತಿರಸ್ಕಾರ ಆಗಿ ಬ್ರೋಕರ್ ದುಡ್ಡು ಕಿತ್ತಿದ್ದ. ಈಗಲೇ ಸರಿ ಮಾಡ್ಸೋದು ಹೇಗೆ?

ಲೆಕ್ಕದ ಮೇಷ್ಟ್ರು

ನಿಮ್ಮ ಯುಎಎನ್ (ಪಿಎಫ್ ಸದಸ್ಯರ ನಂಬರ್) ಯಾವಾಗ ಸಿಕ್ಕಿದ್ದು ನೋಡಿ. 2017ರ ಅಕ್ಟೋಬರ್ 1ರ ನಂತರದ್ದಾಗಿ, ಆಧಾರ್ ತಾಳೆ ಆಗಿದ್ದರೆ ನೀವೇ ಪೋರ್ಟಲ್‌ನಲ್ಲಿ ಹೆಸರು ತಿದ್ದಬಹುದು, ಕಂಪನಿಯ ಒಪ್ಪಿಗೆ ಬೇಕಿಲ್ಲ. ಅದಕ್ಕಿಂತ ಹಳೇದಾದರೆ ಜಂಟಿ ಘೋಷಣೆ ಸಲ್ಲಿಸಿ, ಎಚ್‌ಆರ್ ಅದನ್ನು ಆನ್‌ಲೈನಿನಲ್ಲಿ ದೃಢೀಕರಿಸಬೇಕು. ಹಳೇ ಕಂಪನಿಯ ಬೇರೆ ಯುಎಎನ್ ಏನಾದರೂ ಉಳಿದಿದ್ದರೆ ಅದನ್ನೂ ಈಗಿನದಕ್ಕೆ ವರ್ಗಾಯಿಸಿ. ಈಗಲೇ ಶುರು ಮಾಡಿ, ಜೂನ್ ತನಕ ಬಿಡಬೇಡಿ. ಬ್ಯಾಂಕ್ ಖಾತೆ, ಪ್ಯಾನ್ ಎರಡೂ ಜೋಡಣೆ ಆಗಿವೆಯಾ ಅಂತ ಅದೇ ಪುಟದಲ್ಲಿ ನೋಡಿಕೊಳ್ಳಿ. ನಾಮಿನಿ ಜಾಗದಲ್ಲಿ ಮಗಳ ಹೆಸರು ಇದೆಯಾ?

ಹೆಗ್ಗನಹಳ್ಳಿ ಟೈಲರ್

ಇಲ್ಲ ಮೇಷ್ಟ್ರೇ, ಆ ಜಾಗ ಖಾಲಿ ಇದೆ. ಭಾನುವಾರ ಅದನ್ನೂ ತುಂಬಿಸ್ತೀನಿ.